ನರ್ಸ್‌ಗಳ ಕೊರತೆ ಅಂತಾರೆ, ಸಂಬಳ ಮಾತ್ರ 15 ಸಾವಿರ: ಮಗಳನ್ನು ಸೇರಿಸಲೇ, ಬೇಡವೇ?

ಪ್ರಶ್ನೆ: ಮೇಡಂ ಅವರಿಗೆ ನಮಸ್ಕಾರ. ನಾವು ಹಾವೇರಿ ಜಿಲ್ಲೆಯವರು. ಮೂರು ಎಕರೆ ಜಮೀನು, ಮೆಕ್ಕೆಜೋಳ, ಹತ್ತಿ. ಮಗಳು ಈ ಸಲ ಪಿಯುಸಿ ಸೈನ್ಸ್ ಪಾಸಾಗಿದ್ದಾಳೆ, ಪಿಸಿಬಿಯಲ್ಲಿ (ಭೌತ, ರಸಾಯನ, ಜೀವಶಾಸ್ತ್ರ) ಶೇ 61. ನೀಟ್ ಆಗಲಿಲ್ಲ, ಸಿಇಟಿ ಬರೆದಿದ್ದಾಳೆ. ನರ್ಸಿಂಗ್ ಓದುತ್ತೇನೆ ಅನ್ನುತ್ತಾಳೆ. ನಮ್ಮ ತಾಯಿಗೆ ಲಕ್ವಾ ಹೊಡೆದು ಐದು ತಿಂಗಳು ಹಾಸಿಗೆ ಹಿಡಿದಾಗ ಇವಳೇ ನೋಡಿಕೊಂಡಳು. ಪರಿಚಯದವರೊಬ್ಬರು ಬೆಂಗಳೂರಿನಲ್ಲಿ ಬಿ.ಎಸ್ಸಿ ನರ್ಸಿಂಗ್ ಸೀಟು ಕೊಡಿಸುತ್ತೇನೆ, ವರ್ಷಕ್ಕೆ ಒಂದೂವರೆ ಲಕ್ಷ, ಮುಗಿದ ಮೇಲೆ ಜರ್ಮನಿ ಗ್ಯಾರಂಟಿ ಎಂದಿದ್ದಾರೆ. 10 ಸಾವಿರ ಅಡ್ವಾನ್ಸ್, ಮೂಲ ಅಂಕಪಟ್ಟಿ ಎರಡೂ ಅವರ ಕೈಯಲ್ಲಿವೆ. ಆದರೆ ನನ್ನ ಹೆಂಡತಿಯ ಅಣ್ಣನ ಮಗಳು ಅದೇ ಬಿ.ಎಸ್ಸಿ ಮುಗಿಸಿ ಹುಬ್ಬಳ್ಳಿಯ ಖಾಸಗಿ ಆಸ್ಪತ್ರೆಯಲ್ಲಿ 15 ಸಾವಿರಕ್ಕೆ ದುಡಿಯುತ್ತಿದ್ದಾಳೆ. ಪೇಪರ್ ತೆರೆದರೆ ಲಕ್ಷಗಟ್ಟಲೆ ನರ್ಸ್‌ಗಳ ಕೊರತೆ ಎಂದು ಬರುತ್ತದೆ. ಅಷ್ಟು ಕೊರತೆ ಇದ್ದರೆ ಸಂಬಳ ಯಾಕೆ ಇಷ್ಟೇ? ಒಂದು ಎಕರೆ ಮಾರಿ ಓದಿಸಬಹುದೇ? ನೈಟ್ ಡ್ಯೂಟಿ ಕೆಲಸ, ಮದುವೆಗೆ ತೊಂದರೆ ಎಂದು ಹೆದರಿಸುವವರೂ ಇದ್ದಾರೆ.

ಉತ್ತರ: ಉಳಿದದ್ದನ್ನು ಆಮೇಲೆ ಓದಿ, ಮೊದಲು ಆ ಅಂಕಪಟ್ಟಿ ವಾಪಸ್ ತನ್ನಿ. ಈ ವಾರವೇ. ಮಗಳು ಸಿಇಟಿ ಬರೆದಿದ್ದಾಳೆ ಎಂದರೆ ಬಿ.ಎಸ್ಸಿ ನರ್ಸಿಂಗ್‌ನ ಸರ್ಕಾರಿ ಕೋಟಾದ ಸೀಟಿಗೆ ಕೆಇಎ (ಕರ್ನಾಟಕ ಪರೀಕ್ಷಾ ಪ್ರಾಧಿಕಾರ) ಮೂಲಕವೇ ಪ್ರಯತ್ನಿಸಬಹುದು, ಅದಕ್ಕೆ ದಾಖಲೆ ಪರಿಶೀಲನೆಯಲ್ಲಿ ಮೂಲ ಅಂಕಪಟ್ಟಿ ಬೇಕು. ಅದು ಬೇರೆಯವರ ಬೀರುವಿನಲ್ಲಿದ್ದರೆ ನಿಮಗೆ ಉಳಿಯುವುದು ಅವರು ತೋರಿಸಿದ ಕಾಲೇಜು ಒಂದೇ. ಅಂಕಪಟ್ಟಿ ಇಸಿದುಕೊಳ್ಳುವುದು ಈ ದಲ್ಲಾಳಿಗಳ ಹಳೇ ಪಟ್ಟು. 10 ಸಾವಿರಕ್ಕೆ ಕಾಲೇಜಿನ ಹೆಸರಿನ ರಸೀದಿ ಕೇಳಿ. ಕೊಡದಿದ್ದರೆ ಆ ಹಣ ಹೋಯಿತು ಎಂದುಕೊಳ್ಳಿ, ನಾಲ್ಕು ವರ್ಷದ ಆರು ಲಕ್ಷ ಹೋಗುವುದಕ್ಕಿಂತ ವಾಸಿ.

ಈಗ ನಿಮ್ಮ ಮುಖ್ಯ ಪ್ರಶ್ನೆಗೆ ಬರುತ್ತೇನೆ. ನರ್ಸಿಂಗ್ ಪಾಠ ಹೇಳುವವರೂ ಇದಕ್ಕೆ ನೇರ ಉತ್ತರ ಕೊಡುವುದು ಕಡಿಮೆ. ಕೊರತೆಯ ಸುದ್ದಿ ಸುಳ್ಳಲ್ಲ. ವಿಶ್ವ ಆರೋಗ್ಯ ಸಂಸ್ಥೆ 2025ರಲ್ಲಿ ಹೊರಡಿಸಿದ ವರದಿಯಂತೆ ಜಗತ್ತಿನಲ್ಲಿ 2.98 ಕೋಟಿ ನರ್ಸ್‌ಗಳಿದ್ದಾರೆ, ಇನ್ನೂ 58 ಲಕ್ಷ ಬೇಕು. ನಮ್ಮ ದೇಶದಲ್ಲಿ ಸಾವಿರ ಜನರಿಗೆ ಹತ್ತಿರಹತ್ತಿರ ಇಬ್ಬರು. ಇರಬೇಕಾದದ್ದು ಮೂವರು ಎನ್ನುತ್ತಾರೆ. ಅದೂ ರಿಜಿಸ್ಟರಿನ ಲೆಕ್ಕ. ನೋಂದಾಯಿತರ ಪಟ್ಟಿಯಲ್ಲಿ 33 ಲಕ್ಷಕ್ಕೂ ಹೆಚ್ಚು ಹೆಸರುಗಳಿವೆ, ಆದರೆ ಅದರಲ್ಲಿ ದುಬೈನಲ್ಲಿರುವವರು, ಲಂಡನ್‌ನಲ್ಲಿರುವವರು, ಮಕ್ಕಳಾದ ಮೇಲೆ ಕೆಲಸ ಬಿಟ್ಟವರು, ನನ್ನಂತೆ ನಿವೃತ್ತರಾದವರು ಎಲ್ಲರೂ ಸೇರಿದ್ದಾರೆ. ಇಂದು ರಾತ್ರಿ ವಾರ್ಡಿನಲ್ಲಿ ಎದ್ದಿರುವವರು ಎಷ್ಟು ಮಂದಿ ಎಂದು ಆ ಪಟ್ಟಿ ಹೇಳುವುದಿಲ್ಲ.

ಸಂಬಳದ ಒಗಟು ಬಿಡಿಸಲು ಒಂದು ವಾರ್ಡಿನ ಲೆಕ್ಕ ಹಾಕೋಣ. 30 ಹಾಸಿಗೆಯ ಜನರಲ್ ವಾರ್ಡ್ ಎಂದಿಟ್ಟುಕೊಳ್ಳಿ. ಸರ್ಕಾರದ ಹಳೇ ಮಾನದಂಡದ ಪ್ರಕಾರ ಆರು ಹಾಸಿಗೆಗೆ ಒಬ್ಬ ನರ್ಸ್, ಅಂದರೆ ಒಂದು ಶಿಫ್ಟಿಗೆ ಐವರು. ಬೆಳಗ್ಗೆ, ಮಧ್ಯಾಹ್ನ, ರಾತ್ರಿ ಸೇರಿ 15 ಜನ. ವಾರದ ರಜೆ, ಹೆರಿಗೆ ರಜೆ, ಕಾಯಿಲೆ ಎಂದು ಶೇ 30ರಷ್ಟು ಹೆಚ್ಚುವರಿ. ಒಟ್ಟು 19, 20 ಮಂದಿ ಬೇಕು. ಇನ್ನು ಐಸಿಯು ಆದರೆ ರೋಗಿಗೊಬ್ಬರು. ನಾನು 33 ವರ್ಷ ಈ ಕೆಲಸದಲ್ಲಿದ್ದೆ, ಅರ್ಧ ವಾರ್ಡಿನಲ್ಲಿ, ಅರ್ಧ ಪಾಠ ಹೇಳುತ್ತಾ. 30 ಹಾಸಿಗೆಗೆ 20 ಜನರಿದ್ದ ಖಾಸಗಿ ವಾರ್ಡನ್ನು ನಾನು ಒಂದೇ ಒಂದು ಕಡೆಯೂ ಕಂಡಿಲ್ಲ. ಎಂಟು ಮಂದಿ ಇದ್ದರೆ ‘ಸ್ಟಾಫ್ ಫುಲ್ ಇದ್ದಾರೆ’ ಎನ್ನುತ್ತಿದ್ದರು. ರಾತ್ರಿ ಇಬ್ಬರು, ಒಂದೊಂದು ದಿನ ಒಬ್ಬಳೇ, ಜತೆಗೊಬ್ಬ ಆಯಾ.

ಈ ವಾರ್ಡಿನಲ್ಲಿ ಹನ್ನೆರಡು ನರ್ಸ್‌ಗಳ ಕೊರತೆ ಇದೆ ತಾನೇ? ಆದರೆ ಆ ಆಸ್ಪತ್ರೆ ಹನ್ನೆರಡು ಜನ ಬೇಕು ಎಂದು ಜಾಹೀರಾತು ಹಾಕುವುದಿಲ್ಲ. ಕೊರತೆಯ ನೋವು ಬೀಳುವುದು ಗಂಟೆ ಒತ್ತಿ ಕಾಯುವ ರೋಗಿಯ ಮೇಲೆ, ಊಟಕ್ಕೂ ಹೋಗದೆ ಡ್ರಿಪ್ ಬದಲಿಸುತ್ತಾ ಓಡುವ ಹುಡುಗಿಯ ಮೇಲೆ. ಸಂಬಳದ ಪುಸ್ತಕ ಬರೆಯುವವರಿಗೆ ಅದು ಉಳಿತಾಯ. ಹೀಗಾಗಿ ಕೊರತೆ ಎಷ್ಟೇ ಇದ್ದರೂ ಬೇಡಿಕೆ ಏರುವುದಿಲ್ಲ, ಸಂಬಳವೂ ಏರುವುದಿಲ್ಲ. ಇತ್ತ ಕಾಲೇಜುಗಳಿಂದ ಪ್ರತಿ ವರ್ಷ ಹೊಸ ಹುಡುಗಿಯರು ಹೊರಬರುತ್ತಾರೆ. 15 ಸಾವಿರಕ್ಕೆ ಒಬ್ಬಳು ಒಲ್ಲೆ ಎಂದರೆ ಇನ್ನೊಬ್ಬಳು ಬಾಗಿಲಲ್ಲಿ ನಿಂತಿರುತ್ತಾಳೆ. ಕೆಲಸ ಕಲಿತು ಎರಡು ವರ್ಷ ತುಂಬುವ ಹೊತ್ತಿಗೆ ಅನುಭವದ ಪತ್ರ ಹಿಡಿದು ಗಲ್ಫಿಗೋ ದೊಡ್ಡ ಆಸ್ಪತ್ರೆಗೋ ಹೊರಡುತ್ತಾಳೆ, ಆ ಜಾಗಕ್ಕೆ ಮತ್ತೆ ಹೊಸಬಳು. ತೂತಿನ ಕೊಡಕ್ಕೆ ನೀರು ಹೊತ್ತಂತೆ. ಸರ್ಕಾರ 2023ರಲ್ಲಿ ವೈದ್ಯಕೀಯ ಕಾಲೇಜುಗಳ ಜತೆಗೆ 157 ಹೊಸ ನರ್ಸಿಂಗ್ ಕಾಲೇಜುಗಳನ್ನು 1,570 ಕೋಟಿ ರೂಪಾಯಿಯಲ್ಲಿ ಕಟ್ಟಲು ಒಪ್ಪಿಗೆ ಕೊಟ್ಟಿತು. ಒಳ್ಳೆಯದೇ, ಆಸ್ಪತ್ರೆ ಪಕ್ಕದಲ್ಲಿರುವ ಕಾಲೇಜು ಯಾವತ್ತೂ ಒಳ್ಳೆಯದು. ಆದರೆ ಕೊಡದ ತೂತಿನ ಮಾತು ಬೇರೆಯೇ ಉಳಿಯಿತು.

ಆ ತೂತು ಮುಚ್ಚುವ ಪ್ರಯತ್ನ ಆಗಿಲ್ಲವೆಂದಲ್ಲ. ನರ್ಸ್‌ಗಳ ಸಂಘದ ಅರ್ಜಿಯ ಮೇಲೆ 2016ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಸಮಿತಿ ರಚಿಸಲು ಹೇಳಿತು. ಸಮಿತಿಯ ಶಿಫಾರಸು ಹೀಗಿತ್ತು: 200ಕ್ಕೂ ಹೆಚ್ಚು ಹಾಸಿಗೆಯ ಖಾಸಗಿ ಆಸ್ಪತ್ರೆ ರಾಜ್ಯ ಸರ್ಕಾರದ ನರ್ಸ್‌ಗೆ ಸಮನಾದ ಸಂಬಳ ಕೊಡಬೇಕು. 100 ದಾಟಿದರೆ ಅದಕ್ಕಿಂತ ಶೇ 10ರಷ್ಟು, 50ರಿಂದ 100ರವರೆಗೆ ಶೇ 25ರಷ್ಟು ಕಡಿಮೆ ಕೊಡಬಹುದು, ಅದಕ್ಕಿಂತ ಇಳಿಸುವಂತಿಲ್ಲ. 50 ಹಾಸಿಗೆಗಿಂತ ಚಿಕ್ಕದಾದರೂ 20 ಸಾವಿರಕ್ಕೆ ಕಡಿಮೆ ಇರಕೂಡದು. ಕೇರಳದಲ್ಲಿ ನರ್ಸ್‌ಗಳು ಸಂಘ ಕಟ್ಟಿ ಮುಷ್ಕರ ಹೂಡಿ, 2018ರಲ್ಲಿ ಸರ್ಕಾರ 20 ಸಾವಿರದ ಕನಿಷ್ಠ ವೇತನದ ಅಧಿಸೂಚನೆ ಹೊರಡಿಸುವಂತೆ ಮಾಡಿದರು. ನಮ್ಮ ಕಡೆ ಎಷ್ಟೋ ಆಸ್ಪತ್ರೆಗಳಲ್ಲಿ ಆ ಶಿಫಾರಸು ಕಾಗದದಲ್ಲೇ ಇದೆ. ನಿಮ್ಮ ಹೆಂಡತಿಯ ಅಣ್ಣನ ಮಗಳ 15 ಸಾವಿರ ಅದಕ್ಕೆ ಸಾಕ್ಷಿ.

ಹಾಗಾದರೆ ಮಗಳನ್ನು ಬೇಡ ಅನ್ನಬೇಕೇ? ಬೇಡ ಅನ್ನಬೇಡಿ. ಜಮೀನನ್ನೂ ಮಾರಬೇಡಿ.

ಲೆಕ್ಕ ನೋಡಿ. ವರ್ಷಕ್ಕೆ ಒಂದೂವರೆ ಲಕ್ಷದಂತೆ ನಾಲ್ಕು ವರ್ಷಕ್ಕೆ ಆರು ಲಕ್ಷ. ಹಾಸ್ಟೆಲ್, ಯೂನಿಫಾರ್ಮ್, ಓಡಾಟ ಬೇರೆ. 15 ಸಾವಿರದ ಕೆಲಸದಲ್ಲಿ ರೂಮು, ಊಟ ಕಳೆದು ತಿಂಗಳಿಗೆ 5 ಸಾವಿರ ಉಳಿಸಿದರೂ ಆರು ಲಕ್ಷ ಕೂಡಿಸಲು ಹತ್ತು ವರ್ಷ ಬೇಕು. ಆ ಹೊತ್ತಿಗೆ ನಿಮ್ಮ ಎಕರೆ ಯಾರ ಹೆಸರಿನಲ್ಲಿರುತ್ತದೋ. ಇದೇ ಓದು ಸರ್ಕಾರಿ ಕಾಲೇಜಿನಲ್ಲೋ ಕೆಇಎ ಸೀಟಿನಲ್ಲೋ ಸಿಕ್ಕರೆ ಲೆಕ್ಕವೇ ಬದಲಾಗುತ್ತದೆ. ಶೇ 61 ಸಾಕೇ ಎಂಬ ಅಳುಕು ಬೇಡ, ಅರ್ಹತೆಗೆ ಬೇಕಾದದ್ದು ಪಿಸಿಬಿಯಲ್ಲಿ ಶೇ 45, ಪರಿಶಿಷ್ಟರಿಗೆ ಶೇ 40. ಸೀಟು ಸಿಗುವುದು ಮಾತ್ರ ರ‍್ಯಾಂಕ್ ಮೇಲೆ. ಮೆರಿಟ್ ಸೀಟಿಗೆ ಏಳೂವರೆ ಲಕ್ಷದವರೆಗೆ ಆಸ್ತಿ ಅಡವಿಡದೆ ಶಿಕ್ಷಣ ಸಾಲ ಕೊಡುವ ವ್ಯವಸ್ಥೆ ಬ್ಯಾಂಕುಗಳಲ್ಲಿದೆ, ವಿದ್ಯಾಲಕ್ಷ್ಮಿ ಪೋರ್ಟಲ್‌ನಲ್ಲಿ ಅರ್ಜಿ ಹಾಕಬಹುದು. ದಲ್ಲಾಳಿ ಕೊಡಿಸುವ ಮ್ಯಾನೇಜ್‌ಮೆಂಟ್ ಸೀಟಿಗೆ ಬ್ಯಾಂಕಿನವರು ಮುಖ ತಿರುಗಿಸುವುದೇ ಹೆಚ್ಚು. ರಾಜ್ಯ ಸರ್ಕಾರದ ಎಸ್‌ಎಸ್‌ಪಿ ಪೋರ್ಟಲ್‌ನ ವಿದ್ಯಾರ್ಥಿವೇತನ ಮರೆಯಬೇಡಿ.

ಕಾಲೇಜನ್ನು ಅಳೆಯುವುದು ಹೇಗೆ? ಇದರ ಬಗ್ಗೆ ಸ್ವಲ್ಪ ಜಾಸ್ತಿ ಹೇಳುತ್ತೇನೆ, ಏಕೆಂದರೆ 15 ಸಾವಿರಕ್ಕೆ ಸಿಕ್ಕಿಕೊಳ್ಳುವ ಹುಡುಗಿಗೂ ಮೂರೇ ವರ್ಷದಲ್ಲಿ ಮೇಲೆ ಹೋಗುವ ಹುಡುಗಿಗೂ ವ್ಯತ್ಯಾಸ ಆಗುವುದು ಇಲ್ಲೇ. ಕೆಲವು ವರ್ಷದ ಹಿಂದೆ ಸಂದರ್ಶನಕ್ಕೆ ಬಂದ ಒಬ್ಬಳ ಫೈಲಿನಲ್ಲಿ ಎಲ್ಲ ಪ್ರೊಸೀಜರ್‌ಗಳಿಗೂ ಸಹಿ ಇತ್ತು: ಇಷ್ಟು ಹೆರಿಗೆ, ಇಷ್ಟು ಕ್ಯಾಥೆಟರ್, ಇಷ್ಟು ಡ್ರೆಸ್ಸಿಂಗ್. ವಾರ್ಡಿಗೆ ಕರೆದುಕೊಂಡು ಹೋಗಿ ಡ್ರಿಪ್‌ಗೆ ಚುಚ್ಚುವ ಕ್ಯಾನುಲಾ ಕೈಗೆ ಕೊಟ್ಟೆ. ಕೈ ನಡುಗಿತು. ‘ಎಲ್ಲಿ ಮಾಡಿದ್ದೀಯಮ್ಮ?’ ಎಂದೆ. ‘ಗೊಂಬೆ ಮೇಲೆ ಮೇಡಂ, ಅದೂ ಒಂದು ಸಲ’ ಎಂದಳು. ಜಾಣ ಹುಡುಗಿ, ಇಂಗ್ಲಿಷ್ ಕೂಡ ಚೆನ್ನಾಗಿತ್ತು. ನಾಲ್ಕು ವರ್ಷ ಅವಳ ಅಪ್ಪನ ದುಡ್ಡು ತಿಂದ ಕಾಲೇಜಿಗೆ ರೋಗಿಗಳೇ ಇರಲಿಲ್ಲ. ಅವಳನ್ನು ತೆಗೆದುಕೊಂಡೆವು, ಆರು ತಿಂಗಳು ಕಲಿಸಿದೆವು. ಆದರೆ ಸಂಬಳ ಕೇಳುವ ದನಿ ಅವಳಿಗೆ ಆಗ ಇರಲಿಲ್ಲ, ಆಸ್ಪತ್ರೆಗಳು ಇದನ್ನು ಚೆನ್ನಾಗಿ ಬಲ್ಲವು.

ನಿಯಮದಂತೆ ನರ್ಸಿಂಗ್ ಕಾಲೇಜಿಗೆ ಸ್ವಂತದ 100 ಹಾಸಿಗೆಯ ಆಸ್ಪತ್ರೆ ಇರಬೇಕು, ಒಬ್ಬ ವಿದ್ಯಾರ್ಥಿಗೆ ಮೂವರು ರೋಗಿಗಳಾದರೂ ಸಿಗಬೇಕು, ಹತ್ತು ವಿದ್ಯಾರ್ಥಿಗೆ ಒಬ್ಬ ಅಧ್ಯಾಪಕರು ಬೇಕು. ಬೋರ್ಡಿನ ಮೇಲೆ ಎಲ್ಲವೂ ಇರುತ್ತವೆ. ನೀವು ಮಗಳನ್ನು ಕರೆದುಕೊಂಡು ಒಂದು ವಾರದ ದಿನ, ಬೆಳಗ್ಗೆ ಎಂಟಕ್ಕೆ ಹೇಳದೆ ಕೇಳದೆ ಆ ಆಸ್ಪತ್ರೆಗೆ ಹೋಗಿ. ಪ್ರಿನ್ಸಿಪಾಲರ ಕೋಣೆಗೆ ಬೇಡ, ಹೊರರೋಗಿಗಳ ಸಾಲು ನೋಡಿ. ಸಾಲೇ ಇಲ್ಲದಿದ್ದರೆ ಅಲ್ಲಿಂದಲೇ ಬಸ್ ಹತ್ತಿ. ಇದ್ದರೆ ಮೂರನೇ ವರ್ಷದ ಒಬ್ಬ ಹುಡುಗಿಯನ್ನು ಕ್ಯಾಂಟೀನಿನಲ್ಲಿ ಮಾತಾಡಿಸಿ: ಪೋಸ್ಟಿಂಗ್ ಎಲ್ಲಿ, ವಾರಕ್ಕೆ ಎಷ್ಟು ದಿನ, ಹೆರಿಗೆ ಕೋಣೆಗೆ ಬಿಡುತ್ತಾರಾ, ಕೇಸ್‌ಶೀಟ್ ಬರೆಯಲು ಕೊಡುತ್ತಾರಾ. ಕಾಲೇಜು ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಪಟ್ಟಿಯಲ್ಲಿದೆಯೇ, ಎಷ್ಟು ಸೀಟಿಗೆ ಅನುಮತಿ ಇದೆ, ರಾಜ್ಯ ನರ್ಸಿಂಗ್ ಪರಿಷತ್ತಿನ ಮಾನ್ಯತೆ ಇದೆಯೇ ಎಂಬುದನ್ನು ನಿಮ್ಮ ಊರಿನ ಸೈಬರ್ ಸೆಂಟರಿನಲ್ಲೇ ನೋಡಬಹುದು. ಇನ್ನೊಂದು ಬಗೆಯ ಸೀಟು ಇದೆ, ದಲ್ಲಾಳಿಗಳ ಬಾಯಲ್ಲಿ ‘ನಾನ್ ಅಟೆಂಡಿಂಗ್’. ಕ್ಲಾಸಿಗೆ ಬರಬೇಕಿಲ್ಲ, ಪರೀಕ್ಷೆಗೆ ಬಂದರೆ ಸಾಕು. ಆ ಶಬ್ದ ಕಿವಿಗೆ ಬಿದ್ದರೆ ಫೋನ್ ಇಟ್ಟುಬಿಡಿ. ಓದದೆ ಕೆಡುವುದು ಅವಳ ಬದುಕಷ್ಟೇ ಅಲ್ಲ, ಇನ್‌ಸುಲಿನ್ ಡೋಸ್ ತಪ್ಪಿದರೆ ಇನ್ನೊಬ್ಬರ ಪ್ರಾಣ.

ಬಾಂಡ್ ಬರೆಸಿಕೊಳ್ಳುವ ಕಾಲೇಜುಗಳಿವೆ, ಓದು ಮುಗಿದ ಮೇಲೆ ಎರಡು ವರ್ಷ ನಮ್ಮಲ್ಲೇ ದುಡಿಯಬೇಕು ಎಂದು. ಭಾರತೀಯ ನರ್ಸಿಂಗ್ ಪರಿಷತ್ತು ಇದನ್ನು ನಿಷೇಧಿಸಿದೆ. ಮೂಲ ದಾಖಲೆ ಒತ್ತೆ ಇಟ್ಟುಕೊಳ್ಳಬಾರದು ಎಂದು ವಿಶ್ವವಿದ್ಯಾಲಯ ಧನಸಹಾಯ ಆಯೋಗ (ಯುಜಿಸಿ) 2018ರಲ್ಲೇ ಹೇಳಿದೆ. ಆಸ್ಪತ್ರೆಗಳೂ ಸರ್ಟಿಫಿಕೇಟ್ ಇಸಿದುಕೊಳ್ಳುತ್ತವೆ. ಹುಬ್ಬಳ್ಳಿಯ ಹುಡುಗಿಯನ್ನು ಕೇಳಿ ನೋಡಿ, ಅವಳ ಸರ್ಟಿಫಿಕೇಟ್ ಎಲ್ಲಿದೆ ಎಂದು.

ಕೆಇಎಯಲ್ಲಿ ಸೀಟು ಬಾರದಿದ್ದರೆ ನಾನಾಗಿದ್ದರೆ ಜಿಎನ್‌ಎಂ (ಜನರಲ್ ನರ್ಸಿಂಗ್ ಮತ್ತು ಮಿಡ್‌ವೈಫರಿ) ಕಡೆ ನೋಡುತ್ತಿದ್ದೆ. ಮೂರು ವರ್ಷದ ಡಿಪ್ಲೊಮಾ. ಜಿಲ್ಲಾಸ್ಪತ್ರೆಗಳಿಗೆ ಅಂಟಿಕೊಂಡ ಸರ್ಕಾರಿ ನರ್ಸಿಂಗ್ ಶಾಲೆಗಳಲ್ಲಿ ಖರ್ಚು ತೀರಾ ಕಡಿಮೆ, ರೋಗಿಗಳಿಗಂತೂ ಬರವಿಲ್ಲ. ಮುಂದೆ ಎರಡು ವರ್ಷದ ಪೋಸ್ಟ್ ಬೇಸಿಕ್ ಎಂಬ ಕೋರ್ಸ್ ಮಾಡಿದರೆ ಅದೇ ಬಿ.ಎಸ್ಸಿ. ಒಂದು ವರ್ಷ ಹೆಚ್ಚು ಹಿಡಿಯುತ್ತದೆ, ಆದರೆ ನಡುವೆ ದುಡಿಯಬಹುದು. ಜಿಎನ್‌ಎಂ ನಿಂತೇಹೋಗುತ್ತದೆ ಎಂಬ ಮಾತು ಕೆಲವು ವರ್ಷದ ಹಿಂದೆ ಎದ್ದಿತ್ತು, ಕೋರ್ಸ್ ಮಾತ್ರ ನಡೆದೇ ಇದೆ. ತೊಂದರೆ ಎಂದರೆ ಹೊರದೇಶಗಳಲ್ಲೂ ಕೆಲವು ದೊಡ್ಡ ಹುದ್ದೆಗಳಲ್ಲೂ ಪದವಿಗೇ ಮಣೆ.

ನರ್ಸಿಂಗ್ ಒಂದೇ ದಾರಿ ಎಂದೂ ಇಲ್ಲ. ಡಯಾಲಿಸಿಸ್, ಆಪರೇಷನ್ ಥಿಯೇಟರ್ ಮತ್ತು ಅನೆಸ್ತೇಶಿಯಾ, ಲ್ಯಾಬ್, ಇಮೇಜಿಂಗ್, ಇವುಗಳಲ್ಲೂ ಮೂರು ವರ್ಷ ಓದು, ಒಂದು ವರ್ಷ ಇಂಟರ್ನ್‌ಶಿಪ್‌ನ ಬಿ.ಎಸ್ಸಿ ಇದೆ. ಈ ವೃತ್ತಿಗಳಿಗೆ 2021ರಲ್ಲಿ ಪ್ರತ್ಯೇಕ ಕಾನೂನೂ ಬಂದಿದೆ. ಆದರೆ ನಿಮ್ಮ ಮಗಳು ಕೇಳಿದ್ದು ಯಂತ್ರದ ಪಕ್ಕದ ಕೆಲಸವಲ್ಲ, ಹಾಸಿಗೆ ಪಕ್ಕದ್ದು. ಹಾಗಾಗಿ ಇದನ್ನು ಉದ್ದ ಮಾಡುವುದಿಲ್ಲ.

ಇನ್ನು ಜರ್ಮನಿ. ಗ್ಯಾರಂಟಿ ಎಂದವರನ್ನು ನಂಬಬೇಡಿ, ಜರ್ಮನಿಯನ್ನು ನಂಬಬಹುದು. ಶ್ರೀಮಂತ ದೇಶಗಳಲ್ಲಿ ನೂರಕ್ಕೆ 23 ನರ್ಸ್‌ಗಳು ಬೇರೆ ದೇಶದಲ್ಲಿ ಹುಟ್ಟಿದವರು. ಅಲ್ಲಿ ಜನ ಮುದುಕರಾಗುತ್ತಿದ್ದಾರೆ, ನೋಡಿಕೊಳ್ಳುವವರಿಲ್ಲ. ಆದರೆ ಜರ್ಮನಿಗೆ ಬೇಕಾದದ್ದು ಭಾಷೆ. ಭಾಷಾ ಪರೀಕ್ಷೆಯ ಬಿ1 ಮಟ್ಟದಲ್ಲಿ ಹೋಗಬಹುದು, ಪೂರ್ಣ ನರ್ಸ್ ಎಂದು ಮಾನ್ಯತೆ ಸಿಗಲು ಸಾಮಾನ್ಯವಾಗಿ ಅದರ ಮೇಲಿನ ಬಿ2 ಬೇಕು. ದಿನವಿಡೀ ಕೂತು ಕಲಿತರೂ ವರ್ಷದ ಕೆಲಸ ಅದು. ನಿಮ್ಮ ದಲ್ಲಾಳಿ ಜರ್ಮನ್ ಭಾಷೆಯ ಹೆಸರೆತ್ತಿದ್ದಾರೆಯೇ? ಹೊರದೇಶಕ್ಕೆ ಹೋಗುವವರಿಗೆಂದು ಇರುವ ಕೇರಳ ಸರ್ಕಾರದ ಸಂಸ್ಥೆ ನೋರ್ಕಾ ರೂಟ್ಸ್ 2021ರ ಡಿಸೆಂಬರ್‌ನಲ್ಲಿ ಜರ್ಮನಿಯ ಸರ್ಕಾರಿ ಸಂಸ್ಥೆಗಳ ಜತೆ ಮಾಡಿಕೊಂಡ ಒಪ್ಪಂದದಲ್ಲಿ ಆಯ್ಕೆಯಾದ ನರ್ಸ್‌ಗೆ ಭಾಷಾ ತರಬೇತಿ ಉಚಿತ, ಕಮಿಷನ್ ಇಲ್ಲ. ನಮ್ಮ ರಾಜ್ಯದ ಕೌಶಲಾಭಿವೃದ್ಧಿ ನಿಗಮದಲ್ಲೂ ಹೊರದೇಶದ ಉದ್ಯೋಗಕ್ಕೆಂದೇ ಅಂತರರಾಷ್ಟ್ರೀಯ ವಲಸೆ ಕೇಂದ್ರ ಇದೆ. ಯಾವುದೇ ನೋಂದಾಯಿತ ಏಜೆಂಟ್ ಕಾನೂನಿನಂತೆ ಪಡೆಯಬಹುದಾದ ಸೇವಾ ಶುಲ್ಕ ಹೆಚ್ಚೆಂದರೆ 30 ಸಾವಿರ ಮತ್ತು ಜಿಎಸ್‌ಟಿ. ಗಲ್ಫ್ ಸೇರಿ 18 ದೇಶಗಳಿಗೆ ಹೋಗುವ ನರ್ಸ್‌ಗಳಿಗೆ 2015ರಿಂದ ವಲಸೆ ಅನುಮತಿ ಬೇಕು, ವಿಸಿಟ್ ವೀಸಾದಲ್ಲಿ ಕಳಿಸುತ್ತೇನೆ ಎಂದವರ ಮನೆ ಬಾಗಿಲಿಗೂ ಹೋಗಬೇಡಿ. ಮತ್ತೆ, ಯಾವ ದೇಶವಾದರೂ ಸರಿ, ಸಾಮಾನ್ಯವಾಗಿ ಕೇಳುವುದು ದೊಡ್ಡ ಆಸ್ಪತ್ರೆಯ ಒಂದೆರಡು ವರ್ಷದ ಅನುಭವ. ಗೊಂಬೆ ಮೇಲೆ ಕಲಿತವಳಿಗೆ ಆ ಆಸ್ಪತ್ರೆಯ ಬಾಗಿಲೇ ತೆರೆಯುವುದಿಲ್ಲ.

ಜರ್ಮನಿಗಿಂತ ಹತ್ತಿರದ್ದನ್ನು ನಮ್ಮವರು ಬಿಟ್ಟುಬಿಡುತ್ತಾರೆ ಎಂಬುದು ನನ್ನ ಹಳೇ ಗೊಣಗು. ಕೇಂದ್ರ ಸರ್ಕಾರದ ಏಮ್ಸ್ ಆಸ್ಪತ್ರೆಗಳ ನರ್ಸ್ ನೇಮಕಕ್ಕೆ ನಡೆಯುವ ನಾರ್ಸೆಟ್ ಪರೀಕ್ಷೆಯಲ್ಲಿ ನೂರಕ್ಕೆ 80 ಹುದ್ದೆ ಮಹಿಳೆಯರಿಗೆ, ಆರಂಭದ ಮೂಲವೇತನವೇ 44,900. ಬಿ.ಎಸ್ಸಿ ಮುಗಿದ ಕೂಡಲೇ ಬರೆಯಬಹುದು, ಜಿಎನ್‌ಎಂ ಆದವರಿಗೆ 50 ಹಾಸಿಗೆಗೆ ಕಡಿಮೆಯಿಲ್ಲದ ಆಸ್ಪತ್ರೆಯ ಎರಡು ವರ್ಷದ ಅನುಭವ ಬೇಕು. ನಾನು ಪಾಠ ಹೇಳಿದ ಬ್ಯಾಚ್‌ಗಳಲ್ಲಿ ‘ಅಷ್ಟು ದೂರ ಯಾರು ಹೋಗ್ತಾರೆ ಮೇಡಂ’ ಎಂದು ಅರ್ಜಿಯನ್ನೇ ಹಾಕದವರು ಆಮೇಲೆ ಒಮಾನಿಗೆ ಹೋದರು! ರಾಜ್ಯದಲ್ಲಿ ಶುಶ್ರೂಷಾಧಿಕಾರಿ ಹುದ್ದೆ ಕರೆದಾಗ ಪೈಪೋಟಿ ಜೋರು, ನಡುವಿನ ವರ್ಷಗಳಲ್ಲಿ ಎನ್‌ಎಚ್‌ಎಂ (ರಾಷ್ಟ್ರೀಯ ಆರೋಗ್ಯ ಅಭಿಯಾನ) ಗುತ್ತಿಗೆ, ಆರೋಗ್ಯ ಉಪಕೇಂದ್ರಗಳ ಸಮುದಾಯ ಆರೋಗ್ಯ ಅಧಿಕಾರಿ ಕೆಲಸ ಸಿಗುತ್ತವೆ. ಗುತ್ತಿಗೆ ಎಂದರೆ ಗುತ್ತಿಗೆಯೇ, ಕಾಯಮಾತಿಗೆ ಅವರು ಹೂಡಿದ ಮುಷ್ಕರಗಳನ್ನು ನೀವೂ ಪೇಪರಿನಲ್ಲಿ ನೋಡಿರುತ್ತೀರಿ. ಆದರೂ ಊರಿನ ಹತ್ತಿರ ಇದ್ದು ಅನುಭವ ಗಳಿಸಲು ಕೆಟ್ಟದ್ದಲ್ಲ.

ನೈಟ್ ಡ್ಯೂಟಿ ಮತ್ತು ಮದುವೆ. ನೈಟ್ ಇದೆ, ತಿಂಗಳಿಗೆ ಒಂದು ವಾರವೋ ಹತ್ತು ದಿನವೋ. ನನ್ನ ಜತೆ ನೈಟ್ ಮಾಡಿದವರೆಲ್ಲ ಮಕ್ಕಳು ಮೊಮ್ಮಕ್ಕಳನ್ನು ಕಂಡಿದ್ದಾರೆ, ಆ ಹೆದರಿಕೆ ಬಿಡಿ. ನೀವು ನಿಜಕ್ಕೂ ಕೇಳಬೇಕಾದದ್ದು ಬೇರೆ: ಹಾಸ್ಟೆಲ್ ಆಸ್ಪತ್ರೆಯ ಆವರಣದಲ್ಲಿದೆಯೇ, ರಾತ್ರಿ ವಾಹನ ಇದೆಯೇ. ಈ ಕೆಲಸದ ಕಷ್ಟ ಕಾಣುವುದು ಕಾಲಿನ ಉಬ್ಬಿದ ನರಗಳಲ್ಲಿ, ರೋಗಿಯನ್ನು ಎತ್ತಿ ಎತ್ತಿ ಹಿಡಿದುಕೊಂಡ ಸೊಂಟದಲ್ಲಿ. ರೋಗಿಯ ಕಡೆಯವರು ಕೈ ಎತ್ತುವುದೂ ಉಂಟು, ತಡೆಯಲು 2009ರಿಂದ ರಾಜ್ಯದಲ್ಲಿ ಕಾನೂನಿದೆ, ಕಾನೂನು ಓಡಿಬರುವ ಹೊತ್ತಿಗೆ ಏಟು ಬಿದ್ದಿರುತ್ತದೆ. ಸೂಜಿ ಚುಚ್ಚಿಕೊಳ್ಳದ ನರ್ಸ್ ಇಲ್ಲ, ಆದ್ದರಿಂದ ಯಾವ ಕಾಲೇಜಿಗೆ ಸೇರಿದರೂ ವಾರ್ಡಿಗೆ ಕಾಲಿಡುವ ಮೊದಲು ಹೆಪಟೈಟಿಸ್ ಬಿ ಲಸಿಕೆಯ ಮೂರೂ ಡೋಸ್ ಹಾಕಿಸಿ.

ಕೊನೆಗೆ ನಿಮ್ಮ ತಾಯಿಯವರ ವಿಷಯ. ಲಕ್ವಾ ಹೊಡೆದು ಐದು ತಿಂಗಳು ಮಲಗಿದ್ದರು ಎಂದು ಬರೆದಿದ್ದೀರಿ, ಬೆನ್ನಿನಲ್ಲಿ ಹುಣ್ಣಾಗಿತ್ತೇ ಎಂದು ಬರೆದಿಲ್ಲ. ಆಗಿರಲಿಲ್ಲ ಎಂದರೆ ಆ ಹುಡುಗಿ ಹಗಲೂ ರಾತ್ರಿ ಎರಡೆರಡು ಗಂಟೆಗೆ ಅಜ್ಜಿಯ ಮಗ್ಗುಲು ಬದಲಿಸಿದ್ದಾಳೆ, ಯಾರೂ ಹೇಳಿಕೊಡದೆ. ಸಂದರ್ಶನದಲ್ಲಿ ನಾನು ಮೊದಲು ಕೇಳುತ್ತಿದ್ದದ್ದೇ ಇದನ್ನು. ಅವಳನ್ನು ಕೇಳಿ, ಅಂಕಪಟ್ಟಿ ಕೈಗೆ ಬಂದ ಮೇಲೆ ಎರಡು ಸಾಲು ಬರೆಯಿರಿ.